ಹಾಸಿಗೆಯಡಿಯ ಹಲಗೆ

ನೆಮಾನಿ ಬರುತ್ತಿದ್ದಾನೆ ಎಂದು ಗೊತ್ತಾದರೆ ನಮ್ಮ ದ್ವೀಪದ ನವುವಾ ಪೇಟೆಯ ಹೆಂಗಸರು ಮೊದಲು ಮಾಡುವ ಕೆಲಸ ಮೇಜಿನ ಮೇಲೆ ಬಟ್ಟೆ ಹಾಸುವುದು. ಕುರ್ಚಿಗಳ ಮೇಲೆ ಒಗೆದ ಬಟ್ಟೆ ರಾಶಿ ಹಾಕುತ್ತಾರೆ, ಬಾಗಿಲಿಗೆ ಪರದೆ ಎಳೆಯುತ್ತಾರೆ. ಅವನೇನು ಕಳ್ಳನಲ್ಲ. ಕಳ್ಳನಾಗಿದ್ದರೆ ಒಂದು ಬೀಗ ಸಾಕಿತ್ತು. ಇವನು ಮರ ಕಂಡಲ್ಲೆಲ್ಲ ಬೆರಳ ಗೆಣ್ಣಿನಿಂದ ಕುಟ್ಟುತ್ತಾನೆ, ಕಿವಿ ಹಚ್ಚುತ್ತಾನೆ, ಆಮೇಲೆ ಮೈಮರೆತು "ಆಹಾ, ಎಂಥಾ ಮರ!" ಅಂದುಬಿಡುತ್ತಾನೆ. ನಮ್ಮಲ್ಲಿ ಒಬ್ಬರ ಮನೆಯ ವಸ್ತುವನ್ನು ಹಾಗೆ ಬಾಯ್ತುಂಬ ಹೊಗಳಿದರೆ ಮುಗಿಯಿತು, ಅದನ್ನು ಹೊಗಳಿದವರ ಮನೆಗೆ ಕಳಿಸದೆ ಮರ್ಯಾದೆ ಉಳಿಯುವುದಿಲ್ಲ. ಹೀಗೆ ಅವನ ಬಾಯಿಯ ದೆಸೆಯಿಂದ ಒಬ್ಬ ವಿಧವೆ ಹಿತ್ತಿಲ ಬಾಗಿಲನ್ನು ಕಳೆದುಕೊಂಡು ಮಳೆಗಾಲ ಪೂರ್ತಿ ತಗಡು ಅಡ್ಡ ಇಟ್ಟುಕೊಂಡಿದ್ದಳು. ನೆಮಾನಿ ನಾಚಿಕೆಯಿಂದ ಬಾಗಿಲನ್ನು ಬೆನ್ನ ಮೇಲೆ ಹೊತ್ತು ವಾಪಸು ತೆಗೆದುಕೊಂಡು ಹೋದ. ಅವಳು ಮುಟ್ಟಲಿಲ್ಲ. ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವುದು ಎಲ್ಲಾದರೂ ಉಂಟೆ?

ಅವನ ಕಸುಬು ಗಿಟಾರ್ ಮಾಡುವುದು. ಅದೂ ಕರೆಂಟಿನ ಗಿಟಾರು. ಕರಾವಳಿಯ ಹೋಟೆಲುಗಳಲ್ಲಿ ಸಂಜೆ ಹಾಡುವ ತಂಡಗಳಿಗೆ, ಚರ್ಚಿನ ಮೇಳಗಳಿಗೆ, ಒಂದೊಂದನ್ನೂ ಬಾರಿಸುವವನ ತೋಳು, ಹೊಟ್ಟೆ, ಬೆರಳಿನ ಉದ್ದ ನೋಡಿ ಮಾಡಿಕೊಡುತ್ತಾನೆ. ಷೆಡ್ಡು ನದಿಯ ದಂಡೆಯಲ್ಲಿದೆ. ಮಾಡಿನ ತಗಡಿಗೆ ತಾಗಿದಂತೆ ಒಂದು ಅಟ್ಟ, ಅಲ್ಲಿ ನಡುನಡುವೆ ಕಡ್ಡಿ ಕೊಟ್ಟು ಗಾಳಿಯಾಡಲು ಬಿಟ್ಟ ಹಲಗೆಗಳು. ನಮ್ಮೂರ ಮಳೆಗೆ ಕಲ್ಲೇ ನೀರು ಕುಡಿಯುತ್ತದೆ, ಮರ ಬಿಟ್ಟೀತೆ? ಅದಕ್ಕೇ ನೆಮಾನಿ ಹಲಗೆಗಳನ್ನು ಆಗಾಗ ಸಂತೆಗೆ ಹೊತ್ತೊಯ್ದು ಮೀನಿನವಳ ತಕ್ಕಡಿಯಲ್ಲಿ ತೂಗುತ್ತಾನೆ. ಹೋದ ತಿಂಗಳ ತೂಕವೇ ಈ ತಿಂಗಳೂ ಬಂದರೆ ಮರ ಒಣಗಿದೆ ಎಂದು ಲೆಕ್ಕ.

"ನಿನ್ನ ಗಿಟಾರು ಬಾರಿಸಿದ್ರೆ ಜನ ಕುಣಿಯಲ್ಲ ಕಣೋ, ಬೆಕ್ಕು ಓಡಿ ಬರತ್ತೆ," ಅನ್ನುತ್ತಾಳೆ ಮೀನಿನವಳು.

ಆದರೆ ಆಸಾಮಿ ಕೂತಲ್ಲಿ ಕೂರುವವನಲ್ಲ, ನಿಂತಲ್ಲಿ ನಿಲ್ಲುವವನಲ್ಲ. ಐವತ್ತು ದಾಟಿದರೂ ಕಾಲಲ್ಲಿ ಚಕ್ರ. ಗಿಟಾರಿನ ಕತ್ತು ಕೆತ್ತುತ್ತಿದ್ದವನು ಅರ್ಧಕ್ಕೆ ಬಿಟ್ಟು ನದಿಯಲ್ಲಿ ತೇಲಿಬಂದ ಮರ ನೋಡಲು ಹೋಗುತ್ತಾನೆ, ಅಲ್ಲಿಂದ ಸಾಮಿಲ್ಲಿಗೆ, ಸಾಮಿಲ್ಲಿನಿಂದ ಹೊಸದಾಗಿ ಕಡಿದ ಮಹಾಗನಿ ತೋಪಿಗೆ. ಊಟಕ್ಕೆ ಕೂತರೂ ಬೆರಳುಗಳು ತಟ್ಟೆಯ ಅಂಚಿನ ಮೇಲೆ ತಾಳ ಹಾಕುತ್ತಿರುತ್ತವೆ. "ಇವನ ಮೈಯೊಳಗೆ ಇರುವೆ ಗೂಡು ಕಟ್ಟಿದೆ," ಅನ್ನುತ್ತಾಳೆ ಹೆಂಡತಿ ಮಕೆರೆತಾ.

ಇಂಥ ಮನುಷ್ಯ ಒಂದೇ ಒಂದು ವಿಷಯದಲ್ಲಿ ಮಾತ್ರ ವರ್ಷಗಟ್ಟಲೆ ಅಲ್ಲಾಡದೆ ಕೂತಿದ್ದ. ಅದು ಅಪ್ಪನ ದೋಣಿಯ ಹಲಗೆ.

ಅಪ್ಪ ಮೇಲಿನ ಹಳ್ಳಿಗಳಿಂದ ಬಾಳೆಗೊನೆ, ಕೆಸುವಿನ ಗಡ್ಡೆ ತುಂಬಿಕೊಂಡು ನದಿಯಲ್ಲಿ ಇಳಿದು ಬರುತ್ತಿದ್ದ ಉದ್ದನೆಯ ದೋಣಿ ಅದು. ದಾಕುವಾ ಮರದ್ದು. ಅಪ್ಪ ತೀರಿಕೊಂಡ ಮೇಲೆ ದಂಡೆಯಲ್ಲೇ ಬಿದ್ದು ಕೊಳೆಯಿತು, ಒಂದು ಪಕ್ಕದ ಹಲಗೆ ಮಾತ್ರ ಗಟ್ಟಿಯಾಗಿ ಉಳಿಯಿತು. ನೆಮಾನಿ ಅದನ್ನು ಬಿಡಿಸಿ ತಂದು, ಮೊಳೆ ಕಿತ್ತು, ತೊಳೆದು, ಅಟ್ಟದ ಮೇಲೆ ಮಲಗಿಸಿದ. ಹೆಬ್ಬೆರಳಿನಷ್ಟು ದಪ್ಪ, ಜೇನಿನ ಬಣ್ಣ, ಮೊಳೆ ಇದ್ದ ಕಡೆಯೆಲ್ಲ ಕಪ್ಪು ಕಲೆ. ಕುಟ್ಟಿದರೆ ಹೊರಡುವ ದನಿ ಅಷ್ಟು ಬೇಗ ಆರುತ್ತಿರಲಿಲ್ಲ. ನಾಡಿಗೆಲ್ಲ ಗಿಟಾರು ಮಾಡಿಕೊಟ್ಟ ನೆಮಾನಿಗೆ ಸ್ವಂತದ್ದು ಅಂತ ಒಂದು ಇರಲಿಲ್ಲ. ಮಾಡಿದರೆ ಈ ಹಲಗೆಯದೇ ಮಾಡಬೇಕು ಎಂದು ಅವನ ಹಟ. ಹಿಂದೆ ಮಹಾಗನಿಯ ಒಡಲು, ಮುಂದೆ ದಾಕುವಾ ಮುಖ, ಬೆರಳಾಡುವ ಪಟ್ಟಿಗೆ ಕಬ್ಬಿಣದಂಥ ವೇಸಿ ಮರ. ಷೆಡ್ಡಿನ ಸಿಮೆಂಟು ಗೋಡೆಯ ಮೇಲೆ ಇದ್ದಿಲಿನಿಂದ ಅದರ ಆಕಾರ ಬರೆಯುತ್ತಿದ್ದ, ಎರಡು ಕೊಂಬು ಬರೆಯುತ್ತಿದ್ದ, ಒಂದು ಅಳಿಸುತ್ತಿದ್ದ, ಸೊಂಟ ಸಣ್ಣ ಮಾಡುತ್ತಿದ್ದ. ಗೆರೆಯ ಮೇಲೆ ಗೆರೆ ಬಿದ್ದು ಗೋಡೆ ಅಡುಗೆಮನೆಯ ಗೋಡೆಯಂತೆ ಕಪ್ಪಾಗಿತ್ತು. ಹಲಗೆಗೆ ಮಾತ್ರ ಗರಗಸ ಮುಟ್ಟಿಸುವ ಧೈರ್ಯ ಬರಲಿಲ್ಲ. ಒಮ್ಮೆ ತಪ್ಪಾಗಿ ಕೊಯ್ದರೆ ಅಪ್ಪನ ದೋಣಿ ಮತ್ತೆ ಸಿಗುವುದಿಲ್ಲವಲ್ಲ.

ಅವನ ತಂಗಿ ಉನೈಸಿಯ ಗಂಡ ಎಮೋರಿ ಇದನ್ನೇ ಹಿಡಿದುಕೊಂಡು ಎಳೆದಾಡುತ್ತಿದ್ದ. ನಮ್ಮಲ್ಲಿ ಭಾವಂದಿರು ಒಬ್ಬರನ್ನೊಬ್ಬರು ಬೈಯದಿದ್ದರೆ ಅದೇ ಜಗಳ ಎಂದು ಅರ್ಥ.

"ಅಲ್ಲಯ್ಯಾ, ಕೂಗೋದು ತಂತಿ. ಅದನ್ನ ದೊಡ್ಡದು ಮಾಡೋದು ಕರೆಂಟು. ಮಧ್ಯ ಮರದ್ದೇನೋ ಕೆಲಸ? ಟಾಯ್ಲೆಟ್ ಬಾಗಿಲಲ್ಲಿ ಮಾಡಿದ್ರೂ ಅಷ್ಟೇ ಅಲ್ವಾ?"

"ನಿನ್ನ ಗಂಟಲಿಗೂ ಮೈಕ್ ಹಿಡೀತಾರೆ ಚರ್ಚಲ್ಲಿ. ಎದೆ ಟೊಳ್ಳಾದ್ರೆ ಮೈಕ್ ಏನು ಮಾಡತ್ತೆ, ಕಪ್ಪೆ ದನಿ ದೊಡ್ಡದಾಗತ್ತೆ ಅಷ್ಟೇ. ತಂತಿ ಕೂಗತ್ತೆ ಭಾವ, ಆ ಕೂಗನ್ನ ಹಿಡ್ಕೊಳ್ಳೋದು ಮರ."

"ಹಾಗಾದ್ರೆ ಕೊಯ್ಯಪ್ಪ ನಿನ್ನ ಹಲಗೇನ! ನೀನು ಸತ್ತ ಮೇಲೆ ಅದೇ ನಿನ್ನ ಪೆಟ್ಟಿಗೆಗೆ ಮುಚ್ಚಳ ಆಗತ್ತೆ ನೋಡ್ತಿರು."

ಎಮೋರಿ, ಉನೈಸಿಯರ ಮಗ ಸೈರುಸಿ. ಮೂವತ್ತರ ಗಂಡಸು, ಕರಾವಳಿಯ ಒಂದು ಹೋಟೆಲಿನ ತಂಡದಲ್ಲಿ ಮುಖ್ಯ ಗಿಟಾರು ಅವನದು. ನೆಮಾನಿಗೆ ಸೋದರಳಿಯ. ಸೋದರಳಿಯ ಎಂದರೆ ನಮ್ಮಲ್ಲಿ ಸಾಮಾನ್ಯ ಸಂಗತಿಯಲ್ಲ. ಅವನು ತಾಯಿಯ ತವರಿನ ವಸು. ಮಾವನ ಮನೆಯಲ್ಲಿ ಅವನ ಕಣ್ಣಿಗೆ ಬಿದ್ದದ್ದು ಅವನದು. ಕೇಳಬೇಕಾಗಿಲ್ಲ, ಕೇಳಲೂಬಾರದು. ಎತ್ತಿಕೊಂಡು ನಡೆಯುವುದು ಅವನ ಹಕ್ಕು, ಹಿಂದಿನಿಂದ ಬೊಬ್ಬೆ ಹೊಡೆಯುವುದು ಮಾವನ ಧರ್ಮ. ಸೈರುಸಿ ಬಂದು ಹೋದಾಗಲೆಲ್ಲ ನೆಮಾನಿಯ ಮನೆಯಲ್ಲಿ ಏನಾದರೂ ಕಡಿಮೆಯಾಗುತ್ತಿತ್ತು: ಒಮ್ಮೆ ಹೊಸ ಅಂಗಿ, ಒಮ್ಮೆ ಉಳಿ, ಪ್ರತಿ ಸಲವೂ ಒಂದು ಕೋಳಿ. ನೆಮಾನಿ ಬಾಗಿಲಲ್ಲಿ ನಿಂತು "ಕಳ್ಳ, ಮನೆಹಾಳ, ನಿನ್ನ ಕೈ ಸೇದಿಹೋಗ" ಎಂದು ಬೀದಿಗೆ ಕೇಳುವಂತೆ ಕೂಗುತ್ತಿದ್ದ. ಆ ದಿನ ಅವನಿಗೆ ಊಟ ಎರಡು ತುತ್ತು ಹೆಚ್ಚೇ ಸೇರುತ್ತಿತ್ತು.

ಹೀಗಿರುವಾಗ ಒಂದು ಶನಿವಾರ ಮಕೆರೆತಾ ಸಂತೆಯಿಂದ ಸುದ್ದಿ ತಂದಳು. "ಸೈರುಸಿ ಗಿಟಾರು ಕೆಟ್ಟೋಯ್ತಂತೆ. ಸಮುದ್ರದ ಗಾಳಿಗೆ ಕತ್ತು ಸೊಟ್ಟಗಾಗಿದೆಯಂತೆ. ನಾಳೆ ಪ್ರಾರ್ಥನೆ ಮುಗಿಸ್ಕೊಂಡು ಬರ್ತಾನಂತೆ, ಹೊಸದಕ್ಕೆ ಮರ ನೋಡಕ್ಕೆ."

ನೆಮಾನಿ ಕೈಯಲ್ಲಿದ್ದ ಉಳಿ ಕೆಳಗಿಟ್ಟ. ಅಂಗಿ ಹೋದರೆ ಹೋಗಲಿ, ಕೋಳಿ ಹೋದರೆ ಇನ್ನೊಂದು ಮೊಟ್ಟೆ ಒಡೆಯುತ್ತದೆ. ಅಟ್ಟದ ಮೇಲೆ ಕಣ್ಣು ಹಾಕಿದರೆ? ಅವನು ಒಳಗೆ ಹೋದ, ಹೊರಗೆ ಬಂದ, ಮತ್ತೆ ಒಳಗೆ ಹೋದ. ಹಲಗೆಯನ್ನು ಇಳಿಸಿ ನೀರಿನ ಡ್ರಮ್ಮಿನ ಹಿಂದೆ ಇಟ್ಟ, ಅಲ್ಲಿ ಕಾಣುತ್ತದೆ ಅನ್ನಿಸಿತು. ಹಂದಿಗೂಡಿನ ಮಾಡಿಗೆ ಹಾಕಿದ, ತಂಡಿ ಅನ್ನಿಸಿತು. ಕೊನೆಗೆ ಮನೆಯ ಮಂಚದ ಮೇಲೆ, ಹಾಸಿಗೆಯ ಅಡಿಯಲ್ಲಿ ಮಲಗಿಸಿ, ಮೇಲೆ ಚಾಪೆ, ಚಾಪೆಯ ಮೇಲೆ ಹಾಸಿಗೆ ಎಳೆದ.

ಮಕೆರೆತಾ ಸೊಂಟಕ್ಕೆ ಕೈಕೊಟ್ಟು ನೋಡುತ್ತಿದ್ದಳು. "ವಸುವಿನಿಂದ ಬಚ್ಚಿಡ್ತಿದ್ದೀಯಾ? ಕೇಳಿದ್ದೀನಾ ಇಂಥದ್ದನ್ನ ನಾನು!"

"ಬಚ್ಚಿಡ್ತಿಲ್ಲ. ಬೆನ್ನು ನೋವು. ಗಟ್ಟಿ ಮಂಚ ಇದ್ರೆ ಒಳ್ಳೇದು ಅಂತಾರೆ."

"ಯಾರಂತಾರೆ?"

ನೆಮಾನಿ ನದಿಯ ಕಡೆಗೆ ಹೊರಟುಹೋದ.

ಭಾನುವಾರ ಸೈರುಸಿ ಬಿಳಿ ಅಂಗಿ ತೊಟ್ಟು, ಸೊಂಟಕ್ಕೆ ಕಪ್ಪು ಸುಲು ಪಂಚೆ ಉಟ್ಟು ನಗುನಗುತ್ತ ಬಂದ. ಬಂದವನೇ ಷೆಡ್ಡಿನ ಅಟ್ಟಕ್ಕೆ ಕತ್ತು ಚಾಚಿ, "ಮಾವ, ಅಜ್ಜನ ಹಲಗೆ ಎಲ್ಲಿ?" ಅಂದ.

ಆಗ "ನಿನಗ್ಯಾಕೋ, ಕಳ್ಳ ನನ್ನ ಮಗನೇ" ಎಂದು ಬೈದಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು. ನೆಮಾನಿಗೆ ಬೈಗುಳವೇ ಹೊರಡಲಿಲ್ಲ. "ಮಾರಿಬಿಟ್ಟೆ," ಅಂದ. "ಸುವಾ ಪಟ್ಟಣದಿಂದ ಯಾರೋ ಬಂದಿದ್ರು."

"ಮಾರಿಬಿಟ್ಟೆಯಾ?" ಸೈರುಸಿಯ ನಗು ಮಾಸಿತು. ಮಾವ ಅದನ್ನು ಮಾರಿದ್ದಕ್ಕೆ ಅವನಿಗೆ ಮಾವನ ಮೇಲೇ ಕನಿಕರ ಹುಟ್ಟಿದಂತೆ ಕಂಡಿತು. "ಪಾಪ, ಎಷ್ಟು ವರ್ಷದಿಂದ ಇಟ್ಟಿದ್ದೆ. ಏನು ಕಷ್ಟ ಬಂದಿತ್ತೋ, ನಮಗೊಂದು ಮಾತು ಹೇಳಬಾರದಿತ್ತಾ?"

ಊಟಕ್ಕೆ ಮಕೆರೆತಾ ತೆಂಗಿನ ಹಾಲಿನಲ್ಲಿ ಬೇಯಿಸಿದ ಕೆಸುವಿನ ಎಲೆ, ಮರಗೆಣಸು, ಹೊಗೆಯಾಡುವ ಮೀನು ಬಡಿಸಿದಳು. ಸೈರುಸಿ ಚೆನ್ನಾಗಿ ಉಂಡ. ಉಂಡ ಮೇಲೆ ಭಾನುವಾರ ಎಲ್ಲರೂ ಮಾಡುವಂತೆ ಆಕಳಿಸಿದ. ಮಕೆರೆತಾ, ಮನೆಗೆ ಬಂದ ವಸುವಿಗೆ ಹೇಳಬೇಕಾದ ಮಾತನ್ನೇ ಹೇಳಿದಳು. "ನೆಲದಲ್ಲಿ ಯಾಕಪ್ಪ, ಹೋಗು, ಮಂಚದ ಮೇಲೆ ಮಲಕ್ಕೋ."

ನೆಮಾನಿಯ ಬಾಯಲ್ಲಿದ್ದ ಗೆಣಸು ಬಾಯಲ್ಲೇ ಉಳಿಯಿತು. ಊರಿಗೆಲ್ಲ ಗೊತ್ತಿರುವ ಸಂಗತಿ, ಸೋದರಳಿಯ ಬಂದರೆ ಮನೆಯ ಒಳ್ಳೆಯ ಮಂಚ ಅವನದು. ಬಚ್ಚಿಡುವ ಗಡಿಬಿಡಿಯಲ್ಲಿ ಇವನಿಗೆ ಅದೊಂದು ಮರೆತಿತ್ತು. ತಡೆಯುವುದಾದರೂ ಹೇಗೆ? ಅಳಿಯನನ್ನು ನೆಲಕ್ಕೆ ಮಲಗಿಸುವ ಮಾವ ಯಾವ ಲೋಕದಲ್ಲಿದ್ದಾನೆ?

ಅವನು ಹೊರಗೆ ಹೋಗಿ ಗೋಡೆಗೆ ಒರಗಿ ನಿಂತ. ಕೂತ, ಎದ್ದ, ದೀವಿಹಲಸಿನ ಮರದ ಸುತ್ತ ಒಂದು ಸುತ್ತು ಬಂದ, ಮತ್ತೆ ಗೋಡೆಗೆ ಕಿವಿ ಕೊಟ್ಟ. ಒಳಗೆ ಮಂಚ ಕಿರುಗುಟ್ಟಿತು. ಒಂದು ಮಗ್ಗುಲು, ಇನ್ನೊಂದು ಮಗ್ಗುಲು. ಆಮೇಲೆ ಚಾಪೆ ಸರಿಸಿದ ಸದ್ದು. ಆಮೇಲೆ ಟಕ್, ಟಕ್.

ಆ ದನಿ ನೆಮಾನಿಗೆ ತನ್ನ ಹೆಸರಿಗಿಂತ ಚೆನ್ನಾಗಿ ಗೊತ್ತಿತ್ತು. ಅದು ನಿಧಾನವಾಗಿ ಆರಿತು. ಮತ್ತೆ ಸದ್ದಿಲ್ಲ.

ಈಗ ಹಲಗೆ ಹೊತ್ತುಕೊಂಡು ಹೊರಗೆ ಬರುತ್ತಾನೆ, ನನ್ನನ್ನು ನೋಡಿ ಕೇಕೆ ಹಾಕುತ್ತಾನೆ, ನಾನು ಕಲ್ಲು ಎತ್ತಿಕೊಂಡು ಅಟ್ಟಿಸಿಕೊಂಡು ಹೋಗುತ್ತೇನೆ ಎಂದು ನೆಮಾನಿ ಕಾದ. ಸೈರುಸಿ ಬರಿಗೈಯಲ್ಲಿ ಬಂದ. ಹಾಸಿಗೆಯನ್ನು ಮೊದಲಿನಂತೆಯೇ ಹೊದಿಸಿ ಬಂದಿದ್ದ. ಚಹಾ ಕುಡಿದ, ಅತ್ತೆಗೆ ಕೈಮುಗಿದ, "ಬರ್ತೀನಿ ಮಾವ" ಎಂದು ಹೇಳಿ ಬಸ್ಸಿಗೆ ನಡೆದ. ಅಂಗಳದಲ್ಲಿ ಕೋಳಿಗಳು ಅವನ ಕಾಲಿಗೇ ಅಡ್ಡಾಡಿದವು. ಅವನು ದಾಟಿಕೊಂಡು ಹೋದ.

"ಕೋಳಿ ಹಿಡೀಲಿಲ್ಲ," ಅಂದಳು ಮಕೆರೆತಾ.

ವಾರ ಕಳೆಯಿತು. ಇನ್ನೊಂದು ಶನಿವಾರ ಷೆಡ್ಡಿನ ಮುಂದೆ ಟ್ಯಾಕ್ಸಿ ನಿಂತು ಎಮೋರಿ, ಸೈರುಸಿ ಇಳಿದರು. ಎಮೋರಿ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ಕೈಯಲ್ಲಿ ಕಾಗದ ಸುತ್ತಿದ ಯಂಗೋನಾ ಬೇರಿನ ಕಟ್ಟು. ಗೊತ್ತಿಲ್ಲದ ಊರಿಗೆ ಹೋದಾಗ ಹಿರಿಯರ ಮುಂದೆ ಇಡುವ ಕಾಣಿಕೆ ಅದು. ಭಾವನ ಮನೆಗೆ ಅದನ್ನು ಯಾರೂ ತರುವುದಿಲ್ಲ.

"ಏನೋ ಭಾವ, ಮದುವೆ ಗಂಡಿನ ಹಾಗೆ ಬಂದಿದ್ದೀಯ? ನಿನ್ನನ್ನ ಮತ್ತೆ ಯಾರು ಕೊಳ್ತಾರೋ?" ನೆಮಾನಿ ನಗಲು ನೋಡಿದ.

ಎಮೋರಿ ನಗಲಿಲ್ಲ. ಚಾಪೆಯ ಮೇಲೆ ಮಂಡಿ ಮಡಿಸಿ ಕೂತು, ಕಟ್ಟನ್ನು ಮುಂದಿಟ್ಟು, ತಲೆ ಬಾಗಿಸಿ, ಸಭೆಯಲ್ಲಿ ಮಾತಾಡುವವನಂತೆ ಶುರುಮಾಡಿದ. "ನಿಮ್ಮ ಕೈಕೆಲಸ ಈ ಕರಾವಳಿಗೆಲ್ಲ ಗೊತ್ತು. ನಮ್ಮ ಹುಡುಗನಿಗೆ ಒಂದು ಗಿಟಾರು ಬೇಕಾಗಿದೆ. ನಿಮಗೆ ಬಿಡುವಿದ್ದರೆ, ನಿಮ್ಮ ಮನಸ್ಸಿಗೆ ಒಪ್ಪಿದರೆ, ಮಾಡಿಕೊಡಬೇಕು ಅಂತ ಕೇಳಿಕೊಳ್ಳಕ್ಕೆ ಬಂದಿದ್ದೀವಿ."

ನೆಮಾನಿ ಬೇರಿನ ಕಟ್ಟನ್ನು ಮುಟ್ಟಿ ಒಪ್ಪಿಕೊಳ್ಳಲೇಬೇಕಾಯಿತು.

ಸೈರುಸಿ ಟ್ಯಾಕ್ಸಿಯಿಂದ ಮರ ಇಳಿಸಿದ. ಸಾಮಿಲ್ಲಿನಲ್ಲಿ ತಾನೇ ಆರಿಸಿ ತಂದಿದ್ದ ಮಹಾಗನಿ. ನೆಮಾನಿ ಕುಟ್ಟಿ ನೋಡಿದ. ಒಳ್ಳೆಯ ಮರ, ಒಣಗಿದ ಮರ, ಎಳೆ ನೇರ. ಹೇಳಲು ಏನೂ ಇಲ್ಲ. ಕಸುಬಿನ ಮಾತಾದರೂ ಆಡೋಣವೆಂದು ಕೇಳಿದ. "ಎಷ್ಟು ಹೊತ್ತು ನಿಂತು ಬಾರಿಸ್ತೀಯ?"

"ಸಂಜೆಯಿಂದ ಊಟ ಮುಗಿಯೋವರೆಗೆ. ಎಡಭುಜ ಹಿಡ್ಕೊಳ್ಳತ್ತೆ."

"ಹಾಗಿದ್ರೆ ಒಡಲಲ್ಲಿ ಅಲ್ಲಲ್ಲಿ ಟೊಳ್ಳು ಮಾಡ್ತೀನಿ, ಹಗುರ ಆಗತ್ತೆ. ಪಕ್ಕೆಲುಬು ಒತ್ತದ ಹಾಗೆ ಹಿಂದೆ ಸವೆಸ್ತೀನಿ. ಕತ್ತು ಒಂದೇ ತುಂಡು ಬೇಡ. ಮೂರು ಪಟ್ಟಿ, ಒಂದರ ಎಳೆ ಈ ಕಡೆ, ಒಂದರದ್ದು ಆ ಕಡೆ. ಉಪ್ಪುಗಾಳಿಗೆ ಒಂದು ಸೊಟ್ಟಗಾಗಕ್ಕೆ ಹೋದ್ರೆ ಇನ್ನೊಂದು ಬಿಡಲ್ಲ." ಹೇಳುತ್ತ ಹೇಳುತ್ತ ಅವನಿಗೆ ಉತ್ಸಾಹ ಬಂತು. ಇದ್ದಿಲು ತೆಗೆದುಕೊಂಡು ಗೋಡೆಗೆ ಹೋದ. "ಮುಖಕ್ಕೆ ಏನು ಹಾಕೋಣ?"

"ಏನೂ ಬೇಡ. ಬಣ್ಣ ಬಳಿದುಬಿಡಿ."

'ಬಳಿದುಬಿಡಿ.' ಹುಟ್ಟಿದಾಗಿನಿಂದ ಮಾವನನ್ನು "ನೀನು" ಎಂದೇ ಕರೆದವನು. ನೆಮಾನಿ ಇದ್ದಿಲನ್ನು ಗೋಡೆಗೆ ಒತ್ತಿಕೊಂಡೇ ನಿಂತ.

"ಎಷ್ಟಾಗತ್ತೆ ಹೇಳಿ," ಅಂದ ಸೈರುಸಿ.

ಅವರು ಹೋದ ಮೇಲೆ ನೆಮಾನಿಗೆ ಎಲ್ಲ ಅರ್ಥವಾಯಿತು. ಅಳಿಯ ಸಿಟ್ಟು ಮಾಡಿಕೊಂಡಿರಲಿಲ್ಲ, ಸಿಟ್ಟಾದರೆ ಎರಡು ದಿನಕ್ಕೆ ಇಳಿಯುತ್ತದೆ. ಅವನು ಗಿರಾಕಿಯಾಗಿದ್ದ. ಮಾವನ ಮನೆಯಲ್ಲಿ ತನ್ನದೇನೂ ಇಲ್ಲವೆಂದು ತಿಳಿದು, ಮರ್ಯಾದಸ್ಥ ಗಿರಾಕಿಯಾಗಿ, ಕೇಳಿಕೊಂಡು ಬಂದಿದ್ದ. ವಸು ದೋಚದ ಮನೆಯಲ್ಲಿ ಮಾವ ಇದ್ದೂ ಸತ್ತಂತೆ ಎಂದು ನಮ್ಮ ಹಿರಿಯರು ಹೇಳುವುದು ಸುಮ್ಮನೆ ಅಲ್ಲ. ನೆಮಾನಿ ಉಸಿರಾಡುತ್ತಿದ್ದ, ಅಷ್ಟೆ.

ಆಮೇಲಿನ ದಿನಗಳಲ್ಲಿ ಅವನ ಚಡಪಡಿಕೆ ನೋಡಲಾಗುತ್ತಿರಲಿಲ್ಲ. ಮಹಾಗನಿಯನ್ನು ಗೆರೆ ಹಾಕಿ ಇಡುತ್ತಿದ್ದ, ಗರಗಸ ಎತ್ತುತ್ತಿದ್ದ, ಇಳಿಸುತ್ತಿದ್ದ. ಹಲಗೆಯನ್ನು ಹಾಸಿಗೆಯಡಿಯಿಂದ ತೆಗೆದು ಅಟ್ಟಕ್ಕೆ ಹಾಕಿದ. ಅಲ್ಲಿಂದ ಅದು ತನ್ನನ್ನೇ ನೋಡುತ್ತದೆ ಅನ್ನಿಸಿ ಮತ್ತೆ ಇಳಿಸಿದ. ಪೇಟೆಯಲ್ಲಿ ಯಾರಾದರೂ "ಕಳ್ಳ" ಅಂದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತಿದ್ದ. ಒಂದು ದಿನ ಬಾಗಿಲು ಕಳೆದುಕೊಂಡಿದ್ದ ಆ ವಿಧವೆಯ ಮನೆಗೆ ಹೋದ. ಅವಳಿಗೆ ಮೇಜು ಮುಚ್ಚಲು ಪುರಸೊತ್ತಾಗಲಿಲ್ಲ. ಎದೆ ಹಿಡಿದುಕೊಂಡು ಕೂತಳು. ನೆಮಾನಿ ಆ ಮೇಜಿನ ಮೇಲೆ ಚಹಾ ಇಟ್ಟುಕೊಂಡು ಕುಡಿದ, ಒಮ್ಮೆಯೂ ಕುಟ್ಟಲಿಲ್ಲ, ಎದ್ದು ಹೋದ. ಅವಳು ಸಂಜೆಯೊಳಗೆ ಓಡಿಬಂದು ಮಕೆರೆತಾಗೆ ಹೇಳಿದಳು. "ನಿನ್ನ ಗಂಡನಿಗೆ ಏನೋ ಆಗಿದೆ ಕಣೇ. ಆಸ್ಪತ್ರೆಗೆ ತೋರಿಸು."

ಮಕೆರೆತಾ ಅವನನ್ನು ಷೆಡ್ಡಿನಲ್ಲೇ ಹಿಡಿದಳು. ನೆಮಾನಿ ಕೊನೆಗೆ ಬಾಯಿ ಬಿಟ್ಟ. "ಒಂದು ಯೋಚನೆ ಮಾಡಿದ್ದೀನಿ. ಹಲಗೆಯನ್ನ ನಾನೇ ಕೊಯ್ದು ಅವನ ಗಿಟಾರಿನ ಮುಖಕ್ಕೆ ಹಾಕಿ ಕೊಟ್ಟುಬಿಡ್ತೀನಿ. ಉಡುಗೊರೆ."

"ಕೊಡ್ತೀಯಾ? ಅವನೇನು ಭಿಕ್ಷೆ ಬೇಡಿದ್ನಾ? ನೀನು ಕೊಟ್ರೆ ಅದು ದಾನ. ಅವನೇ ತಗೊಂಡ್ರೆ ಹಕ್ಕು. ಹಕ್ಕು ಕಿತ್ಕೊಂಡು ದಾನ ಮಾಡಿದ್ರೆ ಅವನು ಎರಡೂ ಕೈ ಜೋಡಿಸಿ ಉಪಕಾರ ಆಯ್ತು ಅಂತಾನೆ. ಅದನ್ನ ಕೇಳ್ಕೊಂಡು ಬದುಕಿರ್ತೀಯಾ?"

"ಹಾಗಾದ್ರೆ ತಪ್ಪುಕಾಣಿಕೆಗೆ ತಿಮಿಂಗಿಲದ ಹಲ್ಲು ತಗೊಂಡು ಹೋಗಿ ತಪ್ಪಾಯ್ತು ಅಂತ ಅವರ ಹಿರಿಯರ ಮುಂದೆ ಕೂತ್ಕೊಳ್ತೀನಿ."

"ಕೂತ್ಕೋ. ಎರಡು ಮನೆತನ ಸೇರತ್ತೆ, ಭಾಷಣ ಆಗತ್ತೆ, ಕ್ಷಮಿಸ್ತಾರೆ. ಕ್ಷಮಿಸಿದ ಮೇಲೆ ಕೋಳಿ ಕದಿಯಕ್ಕೆ ಬರ್ತಾನಾ ಅವನು?"

ನೆಮಾನಿಗೆ ಕಣ್ಣು ತುಂಬಿತು. ಅವಳೆದುರು ಅವನು ಅತ್ತದ್ದು ಅಪ್ಪ ಸತ್ತಾಗ ಮಾತ್ರ. "ಮತ್ತೇನು ಮಾಡ್ಲಿ ಹೇಳೇ?"

"ನಂಗೇನು ಗೊತ್ತು? ಬಚ್ಚಿಡಕ್ಕೆ ಬುದ್ಧಿ ಓಡಿತ್ತಲ್ಲ. ಈಗಲೂ ಓಡ್ಲಿ."

ಮಾರನೆಯ ದಿನ ಜನ ಒಂದು ವಿಚಿತ್ರ ಕಂಡರು. ನೆಮಾನಿ ಬಗಲಲ್ಲಿ ಕೊಡೆ, ತಲೆಯ ಮೇಲೆ ಆ ಹಲಗೆ ಹೊತ್ತು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದ. ಬಸ್ಸಿಗೆ ಗಾಜಿಲ್ಲದ ಕಿಟಕಿ, ಹಲಗೆಯ ಒಂದು ತುದಿ ಹೊರಗೆ ಚಾಚಿಕೊಂಡಿತ್ತು. ಡ್ರೈವರು ಕೂಗಿದ, "ಎಲ್ಲಿಗಜ್ಜ, ದೋಣಿ ಹುಟ್ಟುಹಾಕ್ಕೊಂಡು?" ನೆಮಾನಿ ದಾರಿಯುದ್ದಕ್ಕೂ ನಾಲ್ಕು ಸಲ ಜಾಗ ಬದಲಾಯಿಸಿದ.

ಉನೈಸಿಯ ಮನೆಯ ಜಗಲಿಯಲ್ಲಿ ಎಮೋರಿ, ಸೈರುಸಿ ಯಂಗೋನಾ ಬೇರಿನ ಪುಡಿಯನ್ನು ಬಾನಿಯ ನೀರಿನಲ್ಲಿ ಕಲಸಿಕೊಂಡು ಕುಡಿಯುತ್ತ ಕೂತಿದ್ದರು. ಉನೈಸಿ ಒಳಗೆ ಒಲೆಯ ಮುಂದೆ, ಬೆನ್ನು ತಿರುಗಿಸಿಕೊಂಡು. ನಮ್ಮ ಹಳೆಯ ಮನೆತನಗಳಲ್ಲಿ ಅಣ್ಣ ತಂಗಿ ದೊಡ್ಡವರಾದ ಮೇಲೆ ಮುಖ ಕೊಟ್ಟು ಮಾತಾಡುವುದಿಲ್ಲ. ಅದು ಗೌರವ. ಹೇಳುವುದಿದ್ದರೆ ಗಾಳಿಗೋ, ಗೋಡೆಗೋ, ನಡುವೆ ಇರುವವರಿಗೋ ಹೇಳಬೇಕು. ನೆಮಾನಿಯನ್ನು ಕಂಡು ಎಮೋರಿ, "ಬನ್ನಿ, ಕೂತ್ಕೊಳ್ಳಿ," ಎಂದು ಚಿಪ್ಪಿನಲ್ಲಿ ಯಂಗೋನಾ ಮುಂದೆ ಹಿಡಿದ. ನೆಮಾನಿ ವಾಡಿಕೆಯಂತೆ ಒಮ್ಮೆ ಚಪ್ಪಾಳೆ ತಟ್ಟಿ ಕುಡಿದ. ಅದು ನಾಲಿಗೆಗೆ ಜೋಮು ಹಿಡಿಸುತ್ತದೆ, ಅವನ ನಾಲಿಗೆ ಕುಡಿಯುವ ಮೊದಲೇ ಜೋಮು ಹಿಡಿದಿತ್ತು.

ಒಳಗಿನಿಂದ ಉನೈಸಿ ಮಡಕೆಗೆ ಹೇಳಿದಳು. "ಅಪ್ಪನ ದೋಣೀಲಿ ಅಣ್ಣ ಹುಟ್ಟು ಹಾಕ್ತಿದ್ದ. ನಾನು ಚಿಪ್ಪಲ್ಲಿ ನೀರು ಮೊಗೆದು ಚೆಲ್ತಿದ್ದೆ. ನಾನು ಚೆಲ್ಲದೇ ಇದ್ದಿದ್ರೆ ಆ ಹಲಗೆ ಯಾವತ್ತೋ ನದಿ ತಳ ಸೇರ್ತಿತ್ತು. ಯಾರಿಗಾದ್ರೂ ನೆನಪಿದೆಯೋ ಇಲ್ಲವೋ."

ಮಡಕೆ ಏನೂ ಹೇಳಲಿಲ್ಲ. ನೆಮಾನಿಗೆ ನೆನಪಿತ್ತು. ಆ ಸಣ್ಣ ಕೈ, ಆ ಚಿಪ್ಪು, "ಬೇಗ ಮೊಗೆಯೇ" ಎಂದು ತಾನು ಗದರಿದ್ದು ಎಲ್ಲ ನೆನಪಿತ್ತು.

ಅವನು ಎದ್ದ. ಎದ್ದವನು ಹಲಗೆಯನ್ನು ಜಗಲಿಯ ನಟ್ಟನಡುವೆ, ಬಾನಿಯ ಪಕ್ಕ, ಧಡ್ಡನೆ ಹಾಕಿದ. ಅದರ ಮೇಲೆ ಕಾಲು ಮಡಿಸಿ ಕೂತ. ಸಂತೆಯಲ್ಲಿ ಕೂಗುವ ದನಿ ತೆಗೆದ. "ಎಲ್ಲಾ ಸರಿಯಾಗಿ ಕೇಳಿಸ್ಕೊಳ್ಳಿ. ಇದು ನನ್ನ ಹಲಗೆ. ಮಾರಿದೆ ಅಂದಿದ್ದು ಸುಳ್ಳು, ಮಾರೋದೂ ಇಲ್ಲ, ಕೊಡೋದೂ ಇಲ್ಲ. ಈ ಮನೇಲಿ ಒಬ್ಬ ಕಳ್ಳ ಇದ್ದಾನೆ. ಅವನೇನಾದ್ರೂ ಇದಕ್ಕೆ ಕೈ ಹಾಕಿದ್ರೆ ಕೈ ಮುರಿದು ಕೋಳಿಗೆ ಹಾಕ್ತೀನಿ!"

ಎಮೋರಿ ಬಾನಿಯನ್ನೇ ನೋಡುತ್ತಿದ್ದ. ಒಳಗೆ ಸೌಟಿನ ಸದ್ದೂ ನಿಂತಿತು. ಸೈರುಸಿ ಮಾವನ ಮುಖ ನೋಡಿದ, ಹಲಗೆ ನೋಡಿದ, ಮತ್ತೆ ಮುಖ ನೋಡಿದ. ಅಷ್ಟು ಹೊತ್ತು ನೆಮಾನಿಯನ್ನು ಹಿಂದೆಂದೂ ಯಾರೂ ದಿಟ್ಟಿಸಿದ್ದಿಲ್ಲ. ಅವನ ಬೆವರು ಕಿವಿಯ ಹಿಂದಿನಿಂದ ಇಳಿದು ಹಲಗೆಯ ಮೇಲೆ ತೊಟ್ಟಿಕ್ಕಿತು. ಎತ್ತಲು ಬರುವುದಿಲ್ಲ ಇವನು ಎಂದು ನೆಮಾನಿ ಅಂದುಕೊಂಡ. ಮುಗಿಯಿತು.

ಸೈರುಸಿ ಎದ್ದು ಹಲಗೆಯ ಆ ತುದಿಗೆ ಹೋಗಿ ನಿಂತ. ಬಗ್ಗಿದ. ಒಂದೇ ಸಲಕ್ಕೆ ಎತ್ತಿದ. ನೆಮಾನಿ ಹಿಂದಕ್ಕೆ ಉರುಳಿ, ಜಗಲಿಯಿಂದ ಕೆಳಗೆ ಬಾಳೆಗಿಡದ ಬುಡಕ್ಕೆ ಅಂಗಾತ ಬಿದ್ದ. ಅಳಿಯ ಹಲಗೆಯನ್ನು ಹೆಗಲ ಮೇಲೆ ಹಾಕಿಕೊಂಡು ಮನೆ ಹಿಂದಕ್ಕೆ ನಡೆಯುತ್ತ, "ಮುದುಕ, ಹಾಸಿಗೆಯಡಿ ಇಡ್ತೀಯಾ? ನಿನ್ನ ಹಾಸಿಗೇನೂ ಒಯ್ತೀನಿ ನೋಡ್ತಿರು!" ಎಂದು ಕೂಗಿದ.

"ಕಳ್ಳಾ! ಮನೆಹಾಳ! ಹಿಡೀರೋ ಅವನನ್ನ!" ನೆಮಾನಿ ಬಿದ್ದಲ್ಲಿಂದಲೇ ಬೊಬ್ಬೆ ಹಾಕಿದ. ಊರಿನ ನಾಯಿಗಳೆಲ್ಲ ಬೊಗಳಿದವು. ಎಮೋರಿ ನೆಲ ಬಡಿದು ಬಡಿದು ನಕ್ಕ. "ಏಳೋ ಭಾವ, ಏಳು. ಬಾಳೆಗಿಡ ಹೊಗಳಿಬಿಡಬೇಡ ಮತ್ತೆ, ಅದನ್ನೂ ಕಿತ್ತು ಕಳಿಸಬೇಕಾಗತ್ತೆ." ಒಳಗೆ ಉನೈಸಿ ಗೋಡೆಯ ಕಡೆ ಮುಖ ಮಾಡಿ ಅಂಗೈಯಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು, ಅವಳ ಬೆನ್ನು ಕುಲುಕುತ್ತಿತ್ತು. ನೆಮಾನಿಗೂ ನಗು ಬಂತು, ನಗುವಿನ ಜೊತೆಗೆ ಸಂಕಟವೂ ಬಂತು. ತನ್ನ ಗಿಟಾರು ಹೋಯಿತು. ಗೋಡೆಯ ಮೇಲಿನ ಅಷ್ಟೂ ಗೆರೆಗಳು ಹೋದವು. ಮರಳಿ ಹೊರಡುವಾಗ ಮಳೆ ಹಿಡಿದುಕೊಂಡಿತು, ನೋಡಿದರೆ ಕೊಡೆಯೂ ಹೋಗಿತ್ತು. ಬಸ್ಸಿನಲ್ಲಿ ಒದ್ದೆಯಾಗಿ ಕೂತವನು ನವುವಾ ಬರುವವರೆಗೆ ಒಮ್ಮೆಯೂ ಜಾಗ ಬದಲಾಯಿಸಲಿಲ್ಲ.

ಬೆಳಿಗ್ಗೆ ಸೈರುಸಿ ಷೆಡ್ಡಿಗೆ ಬಂದ. ಮಾವನ ಕೊಡೆಯನ್ನೇ ಹಿಡಿದುಕೊಂಡು ಬಂದಿದ್ದ. ಹಲಗೆಯನ್ನು ಕೆಲಸದ ಮೇಜಿನ ಮೇಲೆ ಇಟ್ಟ.

"ಮಾವ, ಇದು ನನ್ನ ಹಲಗೆ. ನನ್ನ ಗಿಟಾರಿನ ಮುಖಕ್ಕೆ. ಮೊಳೆ ಕಲೆ ಎಲ್ಲಾ ಕಾಣಬೇಕು. ಹುಷಾರಾಗಿ ಕೊಯ್ಯಿ, ಕೆಡಿಸಿದ್ರೆ ನೋಡು."

"ನಂಗೆ ಹೇಳಿಕೊಡಕ್ಕೆ ಬಂದ!"

ನೆಮಾನಿ ಒದ್ದೆ ಬಟ್ಟೆ ತೆಗೆದುಕೊಂಡು ಗೋಡೆಯ ಒಂದು ಮೂಲೆಯನ್ನು ಉಜ್ಜಿದ. ಸಿಮೆಂಟು ಬೆಳ್ಳಗೆ ಕಂಡಿತು. ಸೈರುಸಿಯ ತೋಳು, ಸೊಂಟ ನೋಡಿ ಅಲ್ಲಿ ಒಂದು ಆಕಾರ ಬರೆದ. ಅಳಿಸಲಿಲ್ಲ. ಅದನ್ನೇ ಹಲಗೆಯ ಮೇಲೆ ಇಳಿಸಿದ, ಕಪ್ಪು ಕಲೆಗಳು ಒಂದು ಅಂಚಿನಲ್ಲಿ ಸಾಲಾಗಿ ಬರುವಂತೆ. ವರ್ಷಗಟ್ಟಲೆ ಹೆದರಿಸಿದ್ದ ಹಲಗೆ. ಈಗ ಅದು ಬೇರೆಯವರದು. ಬೇರೆಯವರ ಮರ ಕೊಯ್ಯಲು ಅವನ ಕೈ ಎಂದೂ ನಡುಗಿದ್ದಿಲ್ಲ. ಗರಗಸ ಇಟ್ಟ, ಎಳೆದ. ಒಳಗಿನಿಂದ ಹಳೆಯ ದಾಕುವಾದ ಅಂಟಿನ ವಾಸನೆ ಎದ್ದಿತು. ಅದು ನದಿಯ ವಾಸನೆ, ಅಪ್ಪನ ವಾಸನೆ. ಅವನು ಒಂದು ಕ್ಷಣ ಕಣ್ಣು ಮುಚ್ಚಿದ. ತೆರೆದಾಗ ಪಕ್ಕದಲ್ಲಿ ಸೈರುಸಿ ಇರಲಿಲ್ಲ. ಮತ್ತೆ ಎಳೆದ.

ಅಂಗಳದಲ್ಲಿ ಕೋಳಿಗಳು ಒಮ್ಮೆಲೇ ಗದ್ದಲ ಎಬ್ಬಿಸಿದವು. "ಅಯ್ಯೋ, ಮೊಟ್ಟೆ ಇಡೋ ಕೋಳಿ ಕಣೋ ಅದು!" ಎಂದು ಮಕೆರೆತಾ ಕೂಗಿದ್ದು ಕೇಳಿಸಿತು.

ನೆಮಾನಿ ಕಿಟಕಿಯಿಂದ ತಲೆ ಹಾಕಿ, ಬೀದಿಗೆಲ್ಲ ಕೇಳುವ ಹಾಗೆ ಅಳಿಯನ ಏಳು ತಲೆಮಾರನ್ನು ಬೈದು, ಮತ್ತೆ ಗರಗಸಕ್ಕೆ ಮರಳಿದ.